ಬೆನ್ನ ಮೇಲಿನ ಸುಳಿ

ಅಥಣಿ ರಸ್ತೆ, ವಿಜಯಪುರ
ಬುಧವಾರ, ೧೯ ನವೆಂಬರ್ ೨೦೨೫

ಪ್ರೀತಿಯ ಸಿದ್ದಕ್ಕನಿಗೆ,

ಮೂರು ಗಂಟೆ. ನಲ್ಲಿ ಕೆಮ್ಮಿದ ಸದ್ದಿಗೆ ಎಚ್ಚರವಾಯಿತು. ನಮ್ಮ ಕಡೆ ನೀರು ಬರುವ ಮೊದಲು ಪೈಪಿನೊಳಗಿನ ಗಾಳಿ ಹೀಗೆ ಕೆಮ್ಮುತ್ತದೆ, ಎರಡು ಸಲ ಉಗುಳುತ್ತದೆ, ಆಮೇಲೆ ನೀರು. ಎಚ್ಚರವಾಯಿತು ಎಂದು ಬರೆದೆ ನೋಡು, ಅದೂ ಪೂರ್ತಿ ನಿಜವಲ್ಲ. ನಿದ್ದೆ ಹತ್ತಿದ್ದರಲ್ಲವೇ ಎಚ್ಚರವಾಗುವುದು. ಬ್ಯಾರಲ್ಲಿಗೆ ಪೈಪು ಬಿಟ್ಟು, ತೊಟ್ಟಿಲಲ್ಲಿ ಸಂಗು ಮಗ್ಗುಲಾಗಿಲ್ಲವೆಂದು ನೋಡಿ ಬಂದು, ಅಡುಗೆಮನೆಯ ನೆಲದ ಮೇಲೆ ಕುಳಿತು ನಿನಗೆ ಬರೆಯುತ್ತಿದ್ದೇನೆ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡಬೇಕು, ಕಾಗದ ಬರೆಯುವುದನ್ನು ನೀನು ನನಗೆ ಕಲಿಸಿದ್ದೇ ಹಾಗೆ. ಇವತ್ತು ಆ ಸಾಲಿಗೆ ಕೈ ಏಳುತ್ತಿಲ್ಲ. ನೀನು ಹೊಲಿದು ಕಳಿಸಿದ ಕುಂಚಿಗಿ ಬಂದು ತಿಂಗಳಾಯಿತು. ಖಣದ ಅಂಚು, ಒಳಗೆ ಮೆತ್ತನೆಯ ಹತ್ತಿ ಬಟ್ಟೆ, ಕಿವಿಯ ಹತ್ತಿರ ಎರಡು ಗೊಂಡೆ. ಸಂಗು ಅದನ್ನು ಹಾಕಿಕೊಂಡು ನನ್ನ ತೊಡೆಯ ಮೇಲೆ ಮಠದ ಸ್ವಾಮಿಯ ಹಾಗೆ ಗಂಭೀರವಾಗಿ ಕೂಡುತ್ತಾನೆ. ಮುಟ್ಟಿತು ಎಂದು ಒಂದು ಮಾತು ಫೋನಿನಲ್ಲಿ ಹೇಳಿದ್ದು ಬಿಟ್ಟರೆ ಮತ್ತೇನೂ ತಿಳಿಸಲಿಲ್ಲ. ಕ್ಷಮಿಸು. ತಿಳಿಸುವುದು ಬಹಳ ಇತ್ತು, ಅದಕ್ಕೇ ತಡವಾಯಿತು.

ಫೋನಿನಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಬೇಡ. ನಿನ್ನ ಫೋನು ಹೊಲಿಗೆ ಮಶೀನಿನ ಮೇಲೆ ಸ್ಪೀಕರಿನಲ್ಲಿ ಕೂಗುತ್ತಿರುತ್ತದೆ. ಸುತ್ತ ಜಂಪರ್ ಹೊಲಿಸಲು ಬಂದ ಹೆಂಗಸರು, ಬಾಗಿಲಲ್ಲಿ ಅವ್ವ. ನಾನು ಕೇಳಬೇಕಾದದ್ದು ಆ ಸಭೆಯಲ್ಲಿ ಕೇಳುವಂಥದ್ದಲ್ಲ. ನಮ್ಮ ಓಣಿಯ ಬಸಲಿಂಗಯ್ಯ ಮಾಸ್ತರರು ನಿಮ್ಮ ಮಮದಾಪುರದ ಸಾಲಿಗೆ ದಿನಾ ಹೋಗಿ ಬರುತ್ತಾರಲ್ಲ, ಅವರ ಕೈಯಲ್ಲಿ ಬೆಳಗಿನ ಬಸ್ಸಿಗೆ ಇದನ್ನು ಕೊಡುತ್ತೇನೆ. ಹತ್ತು ಗಂಟೆಯೊಳಗೆ ನಿನ್ನ ಕೈಗೆ ಬರುತ್ತದೆ. ಅವ್ವನ ಮುಂದೆ ಒಡೆಯಬೇಡ.

ವಿಷಯ ಇಷ್ಟು, ಅರ್ಧ ಅವ್ವ ಹೇಳಿರಬಹುದು. ನಾಳೆ, ಗುರುವಾರ ಬೆಳಗ್ಗೆ, ಸಂಗುವಿನ ಬೆನ್ನಿಗೆ ಆಪರೇಶನ್ ಎಂದು ದಿನ ಗೊತ್ತು ಮಾಡಿದ್ದಾರೆ. ಇವತ್ತು ಸಂಜೆ ಆಸ್ಪತ್ರೆಗೆ ಸೇರಬೇಕು. ಆದರೆ ಮಾಡಿಸುವುದೋ ಬಿಡುವುದೋ ಎಂದು ನಾನಿನ್ನೂ ಹೇಳಿಲ್ಲ. ಇವರನ್ನು ಕೇಳಿದರೆ, "ನೀ ಹ್ಯಾಂಗ ಅಂತಿ ಹಂಗ, ನೀ ಓದಿದಾಕಿ" ಎಂದು ಜೋರಾಪುರ ಪೇಟೆಯ ತಮ್ಮ ಪೈಪಿನ ಅಂಗಡಿಗೆ ಹೋಗಿಬಿಡುತ್ತಾರೆ. ಸತೀಶಕುಮಾರ ಎಂಬ ಈ ಮನುಷ್ಯ ಹನಿ ನೀರಾವರಿಯ ಪೈಪು ಎಲ್ಲಿ ಸೋರುತ್ತದೆ ಎಂದು ದೂರದಿಂದಲೇ ಹೇಳುತ್ತಾನೆ. ಮಗನ ಹತ್ತಿರ ಬಂದರೆ ಕಣ್ಣು ಬೇರೆ ಕಡೆ ತಿರುಗಿಸುತ್ತಾನೆ. ಬೈಯುವುದಕ್ಕೂ ಮನಸ್ಸಾಗುವುದಿಲ್ಲ. ಅಂಜಿಕೆ ಅವರಿಗೂ ಇದೆ.

ಮೊದಲಿನಿಂದ ಹೇಳುತ್ತೇನೆ. ಸಂಗು ಹುಟ್ಟಿದ ಮೊದಲ ವಾರದಲ್ಲೇ ನಮ್ಮ ಅತ್ತೆ ರುದ್ರವ್ವನವರು ಅವನಿಗೆ ಎರೆಯುವಾಗ ಬೆನ್ನು ತಿರುಗಿಸಿ ಕುಣಿದಾಡಿದ್ದರು. ನಡದ ಕೆಳಗೆ, ಉಡದಾರ ಕೂರುವ ಜಾಗಕ್ಕೆ ಸರಿಯಾಗಿ, ಸಣ್ಣ ತಗ್ಗು. ಅದರ ಸುತ್ತ ಸುರುಳಿ ಸುತ್ತಿಕೊಂಡ ಕಪ್ಪು ಕೂದಲು, ಎಳೆ ಮೆಕ್ಕೆತೆನೆಯ ರೇಷ್ಮೆಯಂತೆ ನುಣುಪು.

"ರಾಜಸುಳಿ ಇದು! ಎತ್ತಿನ ಬೆನ್ನಿಗೆ ಹಿಂತಾ ಸುಳಿ ಇದ್ರ ನಮ್ಮಪ್ಪ ಕೇಳಿದಷ್ಟ ಕೊಟ್ಟು ಹೊಡಕೊಂಡ ಬರತಿದ್ದ. ಮನಿತನ ಬೆಳಸೂ ಸುಳಿ ಐತಿ ಇದು."

"ಅತ್ತಿ, ಇವ ಎತ್ತಲ್ರಿ" ಎಂದೆ.

"ಎತ್ತಿಗಿಂತ ನಿನ್ನ ಗಂಡ ಏನ ಭಾಳ ಶ್ಯಾಣ್ಯಾ ಅದಾನು? ಸುಮ್ಮ ಇರ" ಎಂದು ನನ್ನ ಬಾಯಿ ಮುಚ್ಚಿಸಿದರು.

ತಿಕೋಟಾದ ಅವರ ತವರಿನಲ್ಲಿ ದನದ ಸುಳಿ ನೋಡುವುದೆಂದರೆ ದೊಡ್ಡ ವಿದ್ಯೆ. ಹೆಗಲಿನ ಸುಳಿ, ಹಣೆಯ ಸುಳಿ, ಕಣ್ಣೀರ ಸುಳಿ; ಯಾವುದು ಮನೆಗೆ ಬರಬಹುದು, ಯಾವುದನ್ನು ಸಂತೆಗೆ ಹೊಡೆಯಬೇಕು, ಎಲ್ಲ ಬಾಯಿಪಾಠ. ಸುದ್ದಿ ಹರಡಿ ತಿಕೋಟಾದಿಂದ ಹೆಂಗಸರು ಬಂದರು, ಕೂಸನ್ನು ಮಗುಚಿ ನೋಡಿದರು, ನೆಟಿಗೆ ಮುರಿದು ದೃಷ್ಟಿ ತೆಗೆದರು. ನನಗೂ ಒಂದಿಷ್ಟು ಹೆಮ್ಮೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮೂರೂವರೆ ತಿಂಗಳ ಚುಚ್ಚುಮದ್ದಿಗೆ ಹೋದಾಗ ಮಕ್ಕಳ ಡಾಕ್ಟರು ಅದನ್ನು ನೋಡಿದರು. ಅವರು ನೆಟಿಗೆ ಮುರಿಯಲಿಲ್ಲ. ಎರಡೂ ಪಾದ ಜೋಡಿಸಿ ಬಹಳ ಹೊತ್ತು ಅಳತೆ ನೋಡಿದರು. ಡೈಪರು ಪೂರ್ತಿ ಒಣಗಿರುವುದೇ ಇಲ್ಲವೇ, ಹನಿ ಹನಿ ಬೀಳುತ್ತದೆಯೋ ಧಾರೆಯಾಗಿ ಬರುತ್ತದೆಯೋ ಎಂದು ಕೇಳಿದರು. ಆಮೇಲೆ ಬೆನ್ನಿನ ಸೋನೋಗ್ರಾಫಿ ಮಾಡಿಸಿಕೊಂಡು ಬನ್ನಿ ಎಂದರು.

ಸೋನೋಗ್ರಾಫಿ ಬಸುರಿನಲ್ಲಿ ಮಾಡುವುದು, ಹುಟ್ಟಿದ ಕೂಸಿನ ಬೆನ್ನಿಗೆ ಏನು ಮಾಡುತ್ತಾರೆ ಎಂದು ನನಗೂ ಅರ್ಥವಾಗಲಿಲ್ಲ. ಅತ್ತೆಗಂತೂ ಅನುಮಾನ. ಸೋನೋಗ್ರಾಫಿ ಮಾಡುವ ಡಾಕ್ಟರ್ ಸುರೈಯಾ ಅವರ ಕೋಣೆಯ ಗೋಡೆಯ ಮೇಲೆ, ಇಲ್ಲಿ ಗಂಡೋ ಹೆಣ್ಣೋ ಎಂದು ಹೇಳುವುದಿಲ್ಲ, ಕೇಳುವುದೂ ಅಪರಾಧ ಎಂಬ ದೊಡ್ಡ ಬೋರ್ಡು. ಅತ್ತೆ ಅದನ್ನು ಅಕ್ಷರ ಕೂಡಿಸಿ ಓದಿ, "ಹುಟ್ಟಿ ನಾಕ ತಿಂಗಳಾಗಾಕ ಬಂತ್ರಿ ಡಾಕ್ಟರಬಾಯಿ, ಈಗರೆ ಹೇಳಬಹುದಲ್ಲ?" ಎಂದರು. ಸುರೈಯಾ ಬಾಯಿ ನಕ್ಕ ನಗೆಗೆ ಸಂಗು ಬೆಚ್ಚಿ ಅಳತೊಡಗಿದ.

ಅವನನ್ನು ನನ್ನ ತೊಡೆಯ ಮೇಲೆ ಬೋರಲು ಮಲಗಿಸಿ, ಬೆಚ್ಚಗೆ ಮಾಡಿದ ಜೆಲ್ಲು ಹಚ್ಚಿ, ಸಾಬೂನಿನಷ್ಟು ಸಣ್ಣ ಪ್ರೋಬನ್ನು ಬೆನ್ನ ಮೇಲೆ ಆಡಿಸಿದರು. ನಾನು ಕೇಳುತ್ತ ಹೋದೆ, ಅವರು ಹೇಳುತ್ತ ಹೋದರು. ಬಿ.ಎಸ್ಸಿ.ಯಲ್ಲಿ ಇದೇ ಪಾಠ ಓದಿ, ಪರೀಕ್ಷೆಗೆ ಬರೆದು, ಮರೆತಿದ್ದೆ. ನಮ್ಮ ಕಿವಿಗೆ ಕೇಳಿಸದಷ್ಟು ಹರಿತವಾದ ಸದ್ದು ಒಳಗೆ ಹೋಗುತ್ತದೆ, ತಾಗಿದಲ್ಲಿ ತಾಗಿ ತಿರುಗಿ ಬರುತ್ತದೆ, ಬಂದ ಹೊತ್ತಿನ ಲೆಕ್ಕದಿಂದ ಚಿತ್ರ ಮೂಡುತ್ತದೆ.

"ಗೋಳಗುಮ್ಮಟದಾಗ ಒದರಿದಂಗ ಅನ್ರಿ" ಎಂದರು ಅತ್ತೆ.

"ಹಂಗಽ ಅನ್ರಿ ಅಮ್ಮಾ. ಆದ್ರ ಇಲ್ಲಿ ಗ್ವಾಡಿ ಇನ್ನೂ ಎಳೀವು. ಕೂಸಿನ ಬೆನ್ನೆಲುಬು ಇನ್ನೂ ಬಲತಿಲ್ಲ, ಅದಕ್ಕ ಸದ್ದು ನಡಕ ಹೊಕ್ಕತದ. ಇನ್ನೆರಡ ತಿಂಗಳ ತಡಾ ಮಾಡಿದ್ರ ಎಲುಬು ಗಟ್ಟಿ ಆಗಿ ಬಾಗಲಾ ಹಾಕ್ಕೋತಿತ್ತು. ದೊಡ್ಡವರ ಬೆನ್ನಾಗ ಹಿಂಗ ನೋಡಾಕ ಬರಂಗಿಲ್ಲ."

ಅಕ್ಕಾ, ನಾನು ನನ್ನ ಮಗನ ಬೆನ್ನಿನೊಳಗೆ ನೋಡಿದೆ. ಹೆದರಿಕೆ ಆಮೇಲೆ ಬಂತು, ಮೊದಲು ಬಂದದ್ದು ಬೆರಗು. ಕಪ್ಪು ನೀರಿನ ಕಾಲುವೆ, ಅದರ ನಡುವೆ ಬೂದು ಬಣ್ಣದ ಹುರಿ. ಇದೇ ಬೆನ್ನುಹುರಿ. ಇದು ನೀರಿನಲ್ಲಿ ತೇಲಬೇಕಂತೆ. ನಾಡಿ ಬಡಿದಾಗಲೆಲ್ಲ ಸಣ್ಣಗೆ ಅಲುಗಬೇಕಂತೆ. ಮಾದರಿಗೆ ಬೇರೆ ಕೂಸಿನ ಚಿತ್ರ ತೋರಿಸಿದರು. ಅದರಲ್ಲಿ ಹುರಿ ನಡದ ಮೇಲೆಯೇ ಮುಗಿದು, ಬಾವಿಯಲ್ಲಿ ಇಳಿಬಿಟ್ಟ ಹಗ್ಗದ ಹಾಗೆ ಹಗುರವಾಗಿ ಆಡುತ್ತಿತ್ತು. ಸಂಗುವಿನದು ಕೆಳಗಿನವರೆಗೂ ಇಳಿದಿದೆ. ತುದಿಗೆ ಬೆಳ್ಳಗಿನ ಕೊಬ್ಬಿನ ಗಂಟು. ಆ ಗಂಟು ಸರಿಯಾಗಿ ಸುಳಿಯ ಕೆಳಗೇ ಇದೆ. ಹುರಿ ಅಲುಗುತ್ತಿಲ್ಲ. ನಾನು ಉಸಿರು ಬಿಗಿಹಿಡಿದು ನೋಡಿದೆ, ಅಲುಗಲಿಲ್ಲ.

"ಕರು ಗೂಟಕ್ಕ ಕಟ್ಟಿದಂಗ ಅದ" ಎಂದರು ಸುರೈಯಾ ಬಾಯಿ. "ಕೂಸು ಬೆಳೀತದ, ಬೆನ್ನು ಉದ್ದ ಆಗ್ತದ, ಹುರಿ ಮಾತ್ರ ಕೆಳಗ ಸಿಕ್ಕೊಂಡಿರ್ತದ. ಜಗ್ಗತದ. ಜಗ್ಗಿದಂಗ ಕಾಲಿನ ನರ, ಉಚ್ಚಿ ಚೀಲದ ನರ ಸೊರಗತಾವ."

ಅತ್ತೆ ಪರದೆಯನ್ನೇ ನೋಡುತ್ತಿದ್ದವರು ಮೆಲ್ಲಗೆ, "ಸುಳಿ ಅಂದ್ನೆಲ್ಲ ನಾ" ಎಂದರು. ಆದರೂ ಅವರ ಮಾತು ಈಗಲೂ ಒಂದೇ: ದೇವರು ಕೊಟ್ಟ ಗುರುತಿಗೆ ಚಾಕು ಹಚ್ಚಬಾರದು.

ಎಂ.ಆರ್.ಐ. ಆಯಿತು, ಅದೂ ಹಾಗೆಯೇ ಹೇಳಿತು. ಆಪರೇಶನ್ ಮಾಡುವವರು ಡಾಕ್ಟರ್ ಧರ್ಮರಾಜ. ಒಳ್ಳೆಯ ಮನುಷ್ಯ, ಒಂದೇ ಪ್ರಶ್ನೆ ಮೂರು ಸಲ ಕೇಳಿದರೂ ಮುಖ ಗಂಟಿಕ್ಕುವುದಿಲ್ಲ. ನಾನು ಒಂದಲ್ಲ, ಹತ್ತು ಪ್ರಶ್ನೆ ಕೇಳಿದೆ. ಕೂದಲೆಳೆಯಂಥ ನರಗಳ ನಡುವಿನಿಂದ ಆ ಗಂಟನ್ನು ಹೇಗೆ ಬಿಡಿಸುತ್ತೀರಿ? ಕತ್ತರಿಸಿದ ಮೇಲೆ ಅಯ್ಯೋ ಇದು ನರವಾಗಿತ್ತು ಎಂದರೆ?

"ಅದಕ್ಕಽ ಮೊದಲ ನೋಡತೀವಿ" ಎಂದರು. "ಬೆನ್ನು ಸ್ವಲ್ಪ ತೆರದು ಅಲ್ಲಿಗೆ ನಿಲ್ಲತೀವಿ. ಹುರಿ ಮ್ಯಾಲಿನ ಪರದೆ ಇನ್ನೂ ಮುಚ್ಚಿರ್ತದ. ಆ ಗಾಯದಾಗ ಉಪ್ಪುನೀರು ತುಂಬತೀವಿ. ಅಂಗೈ ಅಗಲದ್ದೊಂದು ಕೆರಿ ಅನಕೋರಿ. ಆ ನೀರಾಗ ಸಣ್ಣ ಸೋನೋಗ್ರಾಫಿ ಪ್ರೋಬ್ ಅದ್ದತೀವಿ."

"ನೀರು ಯಾಕ್ರಿ?"

"ಗಾಳಿ ಈ ಸದ್ದಿನ ವೈರಿ. ನಡಕ ಸ್ವಲ್ಪ ಗಾಳಿ ಬಂದ್ರ ಸದ್ದು ಅಲ್ಲಿಂದಽ ಹೊಳ್ಳತದ. ನೀರಿದ್ರ ಒಳಗ ದಾರಿ ಸಿಗತದ. ಪರದೆ ಬಿಚ್ಚೂಕಿಂತ ಮೊದಲ ಗಂಟು ಎಲ್ಲಿ, ಹುರಿ ಎಲ್ಲಿ ಮುಗೀತದ, ನಾ ಎಲ್ಲಿ ಕೈ ಹಚ್ಚಬೇಕು, ಎಲ್ಲಿ ಹಚ್ಚಬಾರದು, ಗೊತ್ತಾಗತದ. ಯಾವದು ಜೀವಂತ ನರ ಅನ್ನೂದನ್ನ ಸಣ್ಣ ಕರೆಂಟ್ ಕೊಟ್ಟು ಬ್ಯಾರೆ ಪರೀಕ್ಷಾ ಮಾಡತೀವಿ. ಗಂಟು ಬಿಡಿಸಿದ ಮ್ಯಾಲೆ ಮತ್ತ ನೀರು, ಮತ್ತ ಪ್ರೋಬ್. ಹುರಿ ಅಲಗಾಡಿದ್ರ ಕೆಲಸ ಆತು."

"ಅಲಗಾಡಲಿಲ್ಲಂದ್ರ?"

"ಇನ್ನ ಎಲ್ಲಿ ಹಿಡಕೊಂಡದ ಅಂತ ಹುಡುಕತೀವಿ."

ಈ ಮಾತು ನನಗೆ ಇಷ್ಟವಾಯಿತು. ಅಲುಗದೆ ಇರುವುದಿಲ್ಲ ಎಂದು ಹೇಳಿದ್ದರೆ ನಂಬಿಕೆ ಹೋಗುತ್ತಿತ್ತು. ಕೆಡುಕಿನ ಮಾತನ್ನೂ ಮುಚ್ಚಿಡಲಿಲ್ಲ. ಗಾಯ ಕೀವಾಗಬಹುದು, ಒಳಗಿನ ನೀರು ಸೋರಬಹುದು, ಈಗ ಚೆನ್ನಾಗಿರುವ ನರಕ್ಕೇ ಪೆಟ್ಟಾಗಬಹುದು, ಬೆಳೆಯುತ್ತ ಮತ್ತೊಮ್ಮೆ ಅಂಟಿಕೊಳ್ಳಬಹುದು. ಮಾಡದಿದ್ದರೆ? ಏನೂ ಆಗದೆಯೂ ಇರಬಹುದು. ನಿಧಾನಕ್ಕೆ ಕಾಲು ಸೊರಗಲೂಬಹುದು. ಒಮ್ಮೆ ಹೋದ ಶಕ್ತಿ ಪೂರ್ತಿ ಬರುತ್ತದೆ ಎಂಬ ಭರವಸೆ ಇಲ್ಲ. ಇನ್ನೊಬ್ಬ ಡಾಕ್ಟರಿಗೆ ತೋರಿಸಿದೆವು. ಅವರು, "ಕೂಸು ಎರಡೂ ಕಾಲು ಬಡೀತದಲ್ಲ, ಕಾಯ್ರಿ. ಲಕ್ಷಣ ಕಂಡ ಮ್ಯಾಲೆ ಮಾಡಸ್ರಿ" ಎಂದರು. ಇಬ್ಬರೂ ಓದಿದವರು, ಇಬ್ಬರೂ ಒಳ್ಳೆಯವರು. ನಡುವೆ ನಾನು.

ಅದಕ್ಕೇ ಈ ಕಾಗದ, ಅಕ್ಕಾ.

ಧರ್ಮರಾಜ ಡಾಕ್ಟರು ಒಂದು ಪ್ರಶ್ನೆ ಕೇಳಿದ್ದರು. "ನಿಮ್ಮ ಮನಿತನದಾಗ, ಇಲ್ಲಾ ನಿಮ್ಮ ಯಜಮಾನರ ಮನಿತನದಾಗ, ಬೆನ್ನಮ್ಯಾಲೆ ಹಿಂತಾ ಗುರುತು ಇದ್ದವರು, ಕಾಲು ಸಣ್ಣ ಆದವರು, ಉಚ್ಚಿ ತಡಿಯಾಕ ಆಗಲಾರದವರು ಯಾರರೆ ಅದಾರೇನ್ರಿ?"

ನಾನು ಯೋಚನೆಯನ್ನೂ ಮಾಡದೆ, "ಇಲ್ರಿ" ಎಂದೆ. "ನಮ್ಮಕ್ಕನ ಎಡಗಾಲು ಸಣ್ಣದದ, ಆದ್ರ ಅದು ಹುಟ್ಟಿದ್ದಲ್ರಿ. ಎರಡು ವರ್ಷದಾಕಿ ಇದ್ದಾಗ ನಮ್ಮವ್ವ ಕೆರಿ ಪಾವಟಿಗಿಮ್ಯಾಲೆ ಕೆಡವಿದ್ಲು."

ಕೆರೆಯ ಮೆಟ್ಟಿಲ ಮೇಲೆ ಬಿದ್ದದ್ದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುವ ಮಾತು. ನೀನೂ ಹೇಳುವ ಮಾತು. ಮೋಡ ಕವಿದ ದಿನ ಕಾಲು ಜಗ್ಗತೊಡಗಿದರೆ ಎಲ್ಲರಿಗೂ ಕೇಳುವಂತೆ, "ಇವತ್ತ ಅವ್ವನ ಕಾಲು ನೋಯಾಕತ್ತೈತಿ" ಎನ್ನುತ್ತಿ. ನಾನು ಸಣ್ಣವಳಿದ್ದಾಗ ನಿಜವಾಗಿಯೂ ಆ ಕಾಲಿನ ಹೆಸರೇ ಅದು ಎಂದುಕೊಂಡಿದ್ದೆ. ಅವ್ವ ಕೇಳಿಯೂ ಕೇಳದವಳ ಹಾಗೆ ಒಲೆಯ ಮುಂದೆ ಕುಳಿತಿರುತ್ತಿದ್ದಳು.

ಮೊನ್ನೆ ರವಿವಾರ ಅವ್ವ ಕೂಸನ್ನು ನೋಡಲು ಬಂದಿದ್ದಳಲ್ಲ. ಬಾಣಂತನ ಇಲ್ಲೇ ಆದದ್ದರಿಂದ ಅವಳಿನ್ನೂ ಅವನಿಗೆ ಎರೆದಿರಲಿಲ್ಲ; ಈ ಸಲ ಎರೆಯುತ್ತೇನೆಂದು ತಾನೇ ಕಾಲು ಚಾಚಿ ಕೂತಳು. ಹೊಟ್ಟೆ, ಎದೆ ತಿಕ್ಕಿ, ಬೆನ್ನು ತಿರುಗಿಸಿದವಳ ಕೈ ನಿಂತುಬಿಟ್ಟಿತು. ಆಪರೇಶನ್ನಿನ ಸುದ್ದಿಯಷ್ಟೇ ಅವಳಿಗೆ ಗೊತ್ತಿತ್ತು, ಸುಳಿಯ ಸುದ್ದಿ ನಾನು ಹೇಳಿರಲಿಲ್ಲ.

"ಇದನ್ನ ಯಾರ್ಯಾರು ನೋಡ್ಯಾರ?" ಎಂದಳು.

"ತಿಕೋಟಾ ಅರ್ಧ ಊರು ನೋಡೇತಿ ಬೀಗಿತ್ತಿ" ಎಂದರು ಅತ್ತೆ. "ರಾಜಸುಳಿ!"

ಅವ್ವ, "ಹೌದ್ರಿ. ಗಂಡ ಕೂಸಿಗೆ ಚಲೋ" ಎಂದಳು. ನೀರು ಆರುತ್ತಿತ್ತು. ಕೂಸು ನಡುಗತೊಡಗಿದ ಮೇಲೆ ನಾನೇ ಎತ್ತಿಕೊಂಡೆ.

ಗಂಡು ಕೂಸಿಗೆ ಚಲೋ. ಆ ಮಾತು ಕೇಳಿದಾಗಲೇ ನಿನ್ನ ಬೆನ್ನು ನನಗೆ ನೆನಪಾದದ್ದು. ಹಬ್ಬದ ದಿನ ನಿನ್ನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದವಳು ನಾನೇ. ನಡದ ಕೆಳಗೆ ಎಂಟಾಣೆಯಷ್ಟಗಲ, ಮಿರಮಿರ ಮಿಂಚುವ ಸುಟ್ಟ ಕಲೆ. ಇದೇನು ಎಂದು ಅಪ್ಪನ ಅವ್ವ, ನಮ್ಮ ಆಯಿಯನ್ನು ಕೇಳಿದ್ದೆ. "ಸಣ್ಣಾಕಿದ್ದಾಗ ಹೊಟ್ಟಿ ನೋಯಸ್ತಿದ್ದಳು, ಚುಟಿಗಿ ಹಾಕಿಸಿದ್ವಿ" ಎಂದಿದ್ದಳು. ಹೊಟ್ಟೆ ನೋವಿಗೆ ಹೊಟ್ಟೆಯ ಮೇಲಲ್ಲವೇ ಬರೆ ಹಾಕುವುದು? ಆಗ ಹೊಳೆಯಲಿಲ್ಲ. ಆ ಕಲೆ ಇರುವ ಜಾಗ, ಸಂಗುವಿನ ಸುಳಿ ಇರುವ ಜಾಗ, ಎರಡೂ ಒಂದೇ.

ನಾನು ಈಗ ಕೇಳುವುದನ್ನು ಯಾರೂ ನಿನ್ನನ್ನು ಕೇಳಿಲ್ಲ. ಸಿಟ್ಟಾಗಬೇಡ. ನಿನಗೂ ನನಗೂ ಒಂಬತ್ತು ವರ್ಷದ ಅಂತರ. ನಿನ್ನ ಕಾಲು ಹೇಗಿತ್ತು, ಹೇಗಾಯಿತು ಎಂದು ನಾನು ಕಂಡಿಲ್ಲ. ಅದು ಗೊತ್ತಿರುವುದು ನಿನಗೊಬ್ಬಳಿಗೇ. ಮೊದಲಿನಿಂದಲೂ ಇಷ್ಟೇ ಸಣ್ಣದಿತ್ತೋ, ಬೆಳೆಯುತ್ತ ಬೆಳೆಯುತ್ತ ಸೊರಗಿತೋ? ಚಪ್ಪಲಿ ಜಾರಿ ಹೋದದ್ದು ತಿಳಿಯದಷ್ಟು ಪಾದ ಮರಗಟ್ಟಿದ್ದು ಯಾವಾಗ? ಏಳನೆಯ ಇಯತ್ತೆಗೆ ಸಾಲಿ ಬಿಟ್ಟಿ. ಬಬಲೇಶ್ವರದ ಹೈಸ್ಕೂಲು ದೂರ, ಕುಂಟುಗಾಲು, ಬಸ್ಸು ಹತ್ತಲಾರಳು ಎಂದು ಮನೆಯಲ್ಲಿ ಹೇಳುತ್ತಾರೆ. ಅಷ್ಟೇ ಕಾರಣವೇ, ಅಕ್ಕಾ? ಎಲ್ಲಿಗಾದರೂ ಹೊರಡುವ ದಿನ ನೀನು ಬೆಳಗಿನಿಂದ ನೀರು ಕುಡಿಯುವುದಿಲ್ಲ. ನನ್ನ ಮದುವೆಯ ದಿನವೂ ಕುಡಿಯಲಿಲ್ಲ, ಊಟದ ಪಂಕ್ತಿಯಲ್ಲಿ ಕೂಡಲಿಲ್ಲ. ಕೂಸನ್ನು ನೋಡಲು ಇದುವರೆಗೂ ಬಂದಿಲ್ಲ, "ದೂರದ ಬಸ್ಸು ನನಗ ಆಗಂಗಿಲ್ಲ" ಎನ್ನುತ್ತಿ. ಅದು ಯಾವಾಗ ಶುರುವಾಯಿತು? ನೆನಪಿರುವ ಕಾಲದಿಂದಲೂ ಇತ್ತೋ, ನೀನು ಸರ್ರನೆ ಉದ್ದವಾದೆಯಂತಲ್ಲ ಹನ್ನೊಂದು ಹನ್ನೆರಡರಲ್ಲಿ, ಆಗ ಬಂದದ್ದೋ?

ನಿನ್ನದೇ ಸಂಗುವಿಗೂ ಆಗುತ್ತದೆ ಎಂದಲ್ಲ. ಡಾಕ್ಟರೂ ಹಾಗೆ ಹೇಳುವುದಿಲ್ಲ, ಒಬ್ಬೊಬ್ಬರ ಬೆನ್ನು ಒಂದೊಂದು ತರಹ ಎನ್ನುತ್ತಾರೆ. ಆದರೆ ಕಾಯಬೇಕು ಎನ್ನುವವರಿಗೆ ಕಾಯುವುದೆಂದರೆ ಏನೆಂದು ಗೊತ್ತಿಲ್ಲ. ನಿನಗೆ ಗೊತ್ತಿದೆ.

ಇನ್ನೊಂದು ಮಾತು. ದೊಡ್ಡವರಿಗೂ ಇದಕ್ಕೆ ಉಪಾಯ ಇದೆಯೇ ಎಂದು ಸುರೈಯಾ ಬಾಯಿಯನ್ನು ಕೇಳಿದ್ದೇನೆ, ಯಾರಿಗೆಂದು ಹೇಳದೆ. ಎಲುಬು ಬಲಿತದ್ದರಿಂದ ಹೊರಗಿನಿಂದ ಸೋನೋಗ್ರಾಫಿ ಆಗದು, ಎಂ.ಆರ್.ಐ. ಬೇಕು ಎಂದರು. ಹೋದದ್ದೆಲ್ಲ ಬರುತ್ತದೆ ಎಂದು ನಾನು ಆಸೆ ಹುಟ್ಟಿಸುವುದಿಲ್ಲ. ನೋವು ಕಡಿಮೆಯಾಗಬಹುದಂತೆ, ಇನ್ನಷ್ಟು ಕೆಡುವುದು ನಿಲ್ಲಬಹುದಂತೆ. ಅಷ್ಟಾದರೂ ಆದೀತು. ನೀನು ಬರುವುದಾದರೆ ಇ‍ವರು ಗಾಡಿ ಮಾಡಿಕೊಂಡು ಬರುತ್ತಾರೆ. ನೀನು ಎಲ್ಲಿ ನಿಲ್ಲಿಸು ಅನ್ನುತ್ತಿಯೋ ಅಲ್ಲಿ ನಿಲ್ಲುತ್ತದೆ, ಯಾಕೆ ಎಂದು ಯಾರೂ ಕೇಳುವುದಿಲ್ಲ.

ಬ್ಯಾರಲ್ಲು ತುಂಬಿ ಚೆಲ್ಲುತ್ತಿದೆ, ಎದ್ದು ನಿಲ್ಲಿಸಿ ಬಂದೆ. ಸಂಗು ಮುಷ್ಟಿ ಬಾಯಲ್ಲಿಟ್ಟುಕೊಂಡು ಮಲಗಿದ್ದಾನೆ. ಎಡಗಾಲನ್ನು ಸ್ವಲ್ಪ ಕಡಿಮೆ ಬಡಿಯುತ್ತಾನೆಯೇ ಎಂದು ನೋಡುತ್ತ ನಿಂತೆ. ನೋಡುತ್ತಿದ್ದರೆ ಹಾಗೆಯೇ ಕಾಣುತ್ತದೆ, ಕಣ್ಣು ತಿಕ್ಕಿ ನೋಡಿದರೆ ಸರಿಯಿದೆ ಅನಿಸುತ್ತದೆ. ನನ್ನ ಕಣ್ಣನ್ನು ನಾನು ನಂಬುವುದು ಬಿಟ್ಟಿದ್ದೇನೆ.

ಇಲ್ಲಿಂದಲೇ ನಿನ್ನ ಕಾಲಿಗೆ ಬೀಳುತ್ತೇನೆ, ಎರಡಕ್ಕೂ. ಅಲ್ಲಿಂದಲೇ ಸಂಗುವಿನ ತಲೆಯ ಮೇಲೆ ಕೈ ಇಡು. ಸಿದ್ಧೇಶ್ವರ ನಿನ್ನನ್ನೂ ಅವ್ವನನ್ನೂ ತಂಪಾಗಿ ಇಟ್ಟಿರಲಿ.

ನಿನ್ನ ತಂಗಿ,
ಐಶ್ವರ್ಯ

ತಾ.ಕ.: ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಇದನ್ನು ಬರೆಯದೆ ಮೇಲಿನದನ್ನೆಲ್ಲ ಕೇಳುವುದು ನ್ಯಾಯವಲ್ಲ.

ಸೋಮವಾರ ಬೆಳಗ್ಗೆ ಅವ್ವನನ್ನು ಬಸ್ ನಿಲ್ದಾಣಕ್ಕೆ ಬಿಡಲು ಹೋಗಿದ್ದೆ. ಬಸ್ಸು ಚಾಲೂ ಆಗಿ ನಿಂತಿತ್ತು. ಹತ್ತಬೇಕಾದವಳು ನನ್ನ ಕೈ ಹಿಡಿದು ನಿಂತಳು. ನಾನು ಏನೂ ಕೇಳಿರಲಿಲ್ಲ.

"ಸಿದ್ದವ್ವಗೂ ಹಿಂಗಽ ಇತ್ತ ಐಶೂ. ಕೂದಲಾ, ತಗ್ಗಾ, ಎಲ್ಲಾ. ನಿಮ್ಮಾಯಿ ನೋಡಿದಾಕೀನ, ಹೆಣ್ಣಿನ ಬೆನ್ನಿಗೆ ಸುಳಿ ಇದ್ರ ಮನಿ ಮುರೀತೈತಿ ಅಂದ್ಲು. ಕಾಸಿದ ಕಬ್ಬಿಣಲೆ ಸುಡಿಸಿದ್ಲು. ನನ್ನ ಹೊರಗ ಹಾಕಿ ಬಾಗಲಾ ಮುಚ್ಚಿದ್ರು."

"ಮತ್ತ ಕೆರಿ ಪಾವಟಿಗಿ?" ಎಂದೆ.

"ಆಕಿ ಬೀಳಲೇ ಇಲ್ಲವಾ."

ಕಂಡಕ್ಟರ್ ಶಿಳ್ಳೆ ಹೊಡೆದ. ಅವ್ವ ಅವನ ಕಡೆ ಕೈ ಎತ್ತಿ, "ತಡಿಯೋ ಯಪ್ಪಾ, ಹತ್ತತೇನಿ" ಎಂದು, ಒಂದೇ ಉಸಿರಿಗೆ ಹೇಳಿದಳು. ನಿನಗೆ ಎರಡು ತುಂಬಿದರೂ ಎಡಗಾಲು ಗಟ್ಟಿಯಾಗಿ ಊರುತ್ತಿರಲಿಲ್ಲವಂತೆ. ಆಯಿ ದಿನಾ ನೋಡುತ್ತಿದ್ದಳಂತೆ. ಅದೇ ವರ್ಷ ಎತ್ತು ಸತ್ತಿತು. ಸುಟ್ಟರೂ ಸುಳಿ ಹೋಗಿಲ್ಲ, ಕಾಲಿಗೆ ಇಳಿದಿದೆ ಎಂದು ಆಯಿ ಓಣಿಯಲ್ಲಿ ಹೇಳತೊಡಗಿದಳಂತೆ.

"ಸುಳಿ ಕೆಟ್ಟದ್ದಂದ್ರ ಎತ್ತಿನ್ನ ಸಂತಿಗೆ ಹೊಡೀತಾರ. ಹೆಣ್ಣ ಕೂಸಿನ್ನ ಎಲ್ಲಿ ಹೊಡೀತಾರ? ನಾ ಅರಬಿ ಒಗಿಯಾಕ ಕೆರಿಗೆ ಹೋದಾಕಿ ಆಕಿನ್ನ ಪಾವಟಿಗಿಮ್ಯಾಲೆ ಕೂಡಿಸಿದೆ. ಕೈಯಾಗ ಬೆಲ್ಲ ಕೊಟ್ಟೆ. ಆಮ್ಯಾಲೆ ನಾನಽ ಒದರಿದೆ, ನನ್ನ ಕೈ ಜಾರಿ ಕೂಸು ಬಿತ್ತು, ಕಾಲು ಹೋತು ಅಂತ. ಆಕಿ ಬೆಲ್ಲ ತಿನಕೋತ ನನ್ನ ಮಾರಿ ನೋಡಾಕತ್ತಿದ್ಲು. ಬಿದ್ದ ಕೂಸಿಗೆ ಎಲ್ಲಾರೂ ಅಯ್ಯೋ ಅಂತಾರ. ಸುಳಿ ಕೆಟ್ಟ ಕೂಸಿಗೆ ಯಾರಂತಾರ?"

ಅದನ್ನು ನಂಬಿ ಅಪ್ಪ ಎರಡು ವರ್ಷ ಅವಳಿಗೆ ನಿನ್ನನ್ನು ಎತ್ತಿಕೊಳ್ಳಗೊಡಲಿಲ್ಲವಂತೆ.

"ಅಕ್ಕಗ ಹೇಳಬೇ" ಎಂದೆ. "ಮೂವತ್ತ ವರ್ಷ ಆತು, ಆಕಿ ನಿನಗಽ ಅಂತಾಳ."

"ಅನ್ನಲಿ ಬಿಡು. ನನಗ ಅನ್ನೂತನಾ ಆಕಿಗೆ ತಾನು ಕೆಟ್ಟಾಕಿ ಅಂತ ಅನಸಂಗಿಲ್ಲ" ಎಂದಳು. ನಿನಗೆ ಹೇಳಬಾರದೆಂದು ಸಂಗುವಿನ ಆಣೆ ಹಾಕಿಸಿಕೊಂಡು ಬಸ್ಸು ಹತ್ತಿದಳು. ಕಿಟಕಿಯಿಂದ ತಿರುಗಿಯೂ ನೋಡಲಿಲ್ಲ.

ಸಂಗುವಿನ ಆಣೆ ಮುರಿದು ಸಂಗುವಿಗಾಗಿಯೇ ಬರೆದಿದ್ದೇನೆ. ನೀನು ಬಿದ್ದದ್ದಲ್ಲ ಅಕ್ಕಾ, ಯಾರೂ ಕೆಡವಿಲ್ಲ, ಸುಳಿಯೂ ಕೆಟ್ಟದ್ದಲ್ಲ. ಒಳಗೊಂದು ಹುರಿ ಸಿಕ್ಕಿಕೊಂಡಿತ್ತು, ಅದನ್ನು ನೋಡುವ ಮಶೀನು ಆಗ ನಮ್ಮ ಊರಿಗೆ ಬಂದಿರಲಿಲ್ಲ. ಇದನ್ನು ಓದಿ ನಿನಗೆ ಅವ್ವನ ಮೇಲೆ ಏನು ಅನಿಸುತ್ತದೆಯೋ ಗೊತ್ತಿಲ್ಲ, ಅದನ್ನು ನಾನು ಹೇಳಿಕೊಡುವುದಿಲ್ಲ. ಅಳುವುದಿದ್ದರೆ ಅಳು, ಬೈಯುವುದಿದ್ದರೆ ನನ್ನನ್ನು ಬೈ. ಆದರೆ ಫೋನ್ ಮಾಡು. ನಾಳೆ ಬೆಳಕಾದ ಕೂಡಲೇ ಡಾಕ್ಟರು ನನ್ನ ಹಾಸಿಗೆಯ ಹತ್ತಿರ ಬಂದು, ಏನು ಮಾಡೋಣ ಎಂದು ಕೇಳುತ್ತಾರೆ. ಇವತ್ತು ರಾತ್ರಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ವಾರ್ಡಿನಲ್ಲಿ ಎಚ್ಚರವಾಗಿಯೇ ಇರುತ್ತೇನೆ. ಎಷ್ಟು ಹೊತ್ತಾದರೂ ಸರಿ. ಅವ್ವ ಮಲಗಿದ ಮೇಲಾದರೂ ಸರಿ, ಅವ್ವನನ್ನು ಪಕ್ಕದಲ್ಲಿ ಕೂಡಿಸಿಕೊಂಡಾದರೂ ಸರಿ. ಎಲ್ಲ ಹೇಳಲು ಆಗದಿದ್ದರೆ ಬೇಡ, ನಾನು ಒಂದೊಂದೇ ಕೇಳುತ್ತೇನೆ, ನೀನು ಹೂಂ ಇಲ್ಲಾ ಊಹೂಂ ಅನ್ನು, ಸಾಕು. ಬೆಳಗಾಗುವ ಮೊದಲು ಫೋನ್ ಮಾಡಬೇ ಅಕ್ಕಾ. ಬೆಳಗಾಗಗೊಡಬೇಡ.